ಬೆರಳಚ್ಚು ರೀಡರ್ ಕಿತ್ತಿಟ್ಟೆ, ಲ್ಯಾಪ್‌ಟಾಪ್ ಬಿಗಿಯಾಯಿತು

ನನ್ನ ಲ್ಯಾಪ್‌ಟಾಪ್‌ನಲ್ಲಿ ನನ್ನ ಗುಟ್ಟಿಗಿಂತ ಬೇರೆಯವರ ಗುಟ್ಟೇ ಜಾಸ್ತಿ. ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ಹಾಕಿಕೊಡುವ ಕೆಲಸ ನನ್ನದು. ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಯುವವರು, ಸಿರುಗುಪ್ಪದ ರೈಸ್ ಮಿಲ್‌ನವರು, ಒಂದಿಷ್ಟು ಜನ ಮೆಣಸಿನಕಾಯಿ ವ್ಯಾಪಾರಿಗಳು. ಇವರೆಲ್ಲರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪೋರ್ಟಲ್ ಪಾಸ್‌ವರ್ಡ್ ಎಲ್ಲಾ ಈ ಒಂದೇ ಮೆಷಿನ್‌ನಲ್ಲಿ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ತೋರಿಸು ಅಂದರೆ ಅದು ಕೇಳುವುದು ವಿಂಡೋಸ್‌ನ ಪಿನ್ನೋ, ಬೆರಳೋ, ಮುಖವೋ, ಅಷ್ಟೇ. ಆ ಒಂದು ಬಾಗಿಲು ದಾಟಿದರೆ ಮುಗಿಯಿತು, ಇಡೀ ಗಿರಾಕಿಗಳ ಪಟ್ಟಿ ಕೈಗೆ ಬಂದಂತೆ.

ಬಾಗಿಲಿಗೆ ಇದ್ದದ್ದು ಪಕ್ಕದ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿದ ಚಿಕ್ಕ ಬೆರಳಚ್ಚು ರೀಡರ್. ಲ್ಯಾಪ್‌ಟಾಪ್‌ನಲ್ಲಿ ಮುಖ ಗುರುತಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಇತ್ತು, ಬೆರಳಿನ ಸೆನ್ಸರ್ ಇರಲಿಲ್ಲ. ನನಗೆ ಬೆರಳೇ ಸಲೀಸು ಅನ್ನಿಸಿ ರೀಡರ್ ತರಿಸಿಕೊಂಡಿದ್ದೆ. ಚೆನ್ನಾಗೇ ನಡೆಯುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ತಕರಾರು, ನಮ್ಮೂರ ಏಪ್ರಿಲ್-ಮೇ ಬಿಸಿಲಿಗೆ ಬೆರಳ ತುದಿ ಒಣಗಿ ಬಿರುಕು ಬಿಟ್ಟಾಗ ಮತ್ತೆ ಮತ್ತೆ ಒತ್ತಬೇಕಿತ್ತು. ಯೂನಿಟ್‌ಗೆ ಹೋಗಿ ಪ್ಯಾಂಟಿನ ಬಂಡಲ್ ಎಣಿಸಿ ಬಂದ ದಿನ ಕೈಯೆಲ್ಲಾ ನೀಲಿ, ಸೋಪು ಹಾಕಿ ಉಜ್ಜಿದ ಮೇಲೇ ಒಳಗೆ ಬಿಡುತ್ತಿತ್ತು.

ಇದನ್ನು ಬದಲಾಯಿಸಬೇಕು ಅಂತ ತಲೆಗೆ ಹುಳ ಬಿಟ್ಟವನು ಸಿರುಗುಪ್ಪದಲ್ಲಿರುವ ನಮ್ಮಣ್ಣ. ಅವನದೂ ಒಂದು ಮಿಲ್ ಇದೆ. 2023ರಲ್ಲಿ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಮೋಸ ನಡೆದ ಸುದ್ದಿ ನಮ್ಮ ರಾಜ್ಯದಲ್ಲೂ ಬಂತಲ್ಲ, ಆಸ್ತಿ ನೋಂದಣಿ ಪತ್ರದ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು ನಕಲಿ ಬೆರಳು ಮಾಡಿ, ಒಟಿಪಿ ಇಲ್ಲದೇ ಖಾತೆಯಿಂದ ದುಡ್ಡು ಎತ್ತಿದ್ದು. ಆ ಸುದ್ದಿ ಓದಿದಾಗಿನಿಂದ ಅವನಿಗೆ ಬೆರಳು ಅಂದರೆ ಅನುಮಾನ. "ಏನವ್ವಾ, ಕಂಪ್ಯೂಟರ್‌ಗೂ ಬೆರಳು ಕೊಟ್ಟು ಕುಂತೀಯಲ್ಲ, ಅದನ್ನೂ ಹಂಗೇ ಕದೀತಾರೇನು?" ಅಂದ.

ಎರಡೂ ಬೇರೆ ಬೇರೆ ಅಂತ ಹೇಳಿದೆ. ಆಧಾರ್‌ನಲ್ಲಿ ನಮ್ಮ ಬೆರಳನ್ನು ದೂರದ ಸರ್ವರ್‌ನಲ್ಲಿರುವ ದಾಖಲೆ ಜೊತೆ ಹೋಲಿಸುತ್ತಾರೆ. (ಅದಕ್ಕೆ ಭಯ ಇದ್ದವರು ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಬಹುದು, ಅಣ್ಣನಿಗೂ ಅವತ್ತೇ ಹಾಕಿಸಿದೆ.) ವಿಂಡೋಸ್ ಹಲೋ, ಅಂದರೆ ವಿಂಡೋಸ್‌ನಲ್ಲಿ ಮುಖ, ಬೆರಳು, ಪಿನ್‌ನಿಂದ ಒಳಗೆ ಹೋಗುವ ವ್ಯವಸ್ಥೆ, ಹಾಗಲ್ಲ. 2015ರಲ್ಲಿ ವಿಂಡೋಸ್ 10 ಜೊತೆ ಬಂದಾಗಿನಿಂದ ಅದರ ಲೆಕ್ಕ ಒಂದೇ: ಬೆರಳಿನ ಅಥವಾ ಮುಖದ ಚಿತ್ರ ಇಟ್ಟುಕೊಳ್ಳುವುದಿಲ್ಲ, ಅದರಿಂದ ತೆಗೆದ ಅಂಕಿಗಳ ನಮೂನೆ ಇಟ್ಟುಕೊಳ್ಳುತ್ತದೆ, ಅದೂ ಇದೇ ಮೆಷಿನ್‌ನಲ್ಲಿ, ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ. ಮೈಕ್ರೋಸಾಫ್ಟ್‌ಗೂ ಹೋಗುವುದಿಲ್ಲ.

ಅಣ್ಣನಿಗೇನೋ ಹೇಳಿಬಿಟ್ಟೆ. ರಾತ್ರಿ ಕೂತು ಓದುತ್ತಾ ಹೋದಾಗ ನನ್ನ ಉತ್ತರ ಅರ್ಧ ಮಾತ್ರ ಅಂತ ಗೊತ್ತಾಯಿತು. ಬೆರಳನ್ನು ಕದಿಯುವ ಗೋಜಿಗೇ ಹೋಗದೆ ಒಳಗೆ ನುಗ್ಗಿದವರಿದ್ದಾರೆ.

2023ರಲ್ಲೇ ಬ್ಲ್ಯಾಕ್‌ವಿಂಗ್ ಇಂಟೆಲಿಜೆನ್ಸ್ ಅನ್ನುವ ಸಂಸ್ಥೆಯವರು, ಮೈಕ್ರೋಸಾಫ್ಟ್‌ನವರೇ ಕೇಳಿಕೊಂಡ ಮೇಲೆ, ಮೂರು ಕಡೆ ಪರೀಕ್ಷೆ ಮಾಡಿದರು. ಒಂದು ಡೆಲ್ ಇನ್‌ಸ್ಪಿರಾನ್, ಒಂದು ಲೆನೊವೊ ಥಿಂಕ್‌ಪ್ಯಾಡ್, ಒಂದು ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಕೀಬೋರ್ಡ್ ಕವರ್. ಮೂರರಲ್ಲೂ ಬೆರಳಚ್ಚು ಲಾಗಿನ್ ದಾಟಿಬಿಟ್ಟರು. ಸೆನ್ಸರ್‌ಗೂ ಕಂಪ್ಯೂಟರ್‌ಗೂ ನಡುವಿನ ಮಾತುಕತೆಯನ್ನು ಕಾಯಲೆಂದೇ ಮೈಕ್ರೋಸಾಫ್ಟ್ ಒಂದು ಪದ್ಧತಿ ಮಾಡಿಟ್ಟಿದೆ, ಮೂರರಲ್ಲಿ ಎರಡು ಕಡೆ ಅದನ್ನು ಆನ್ ಮಾಡಿಯೇ ಇರಲಿಲ್ಲ. ಸರ್ಫೇಸ್ ಕವರ್‌ನದ್ದಂತೂ ಕೇಳಲೇಬೇಡಿ. ಕವರ್ ಬಿಚ್ಚಿ, ಅದರ ಜಾಗಕ್ಕೆ ಬೇರೆ ಯುಎಸ್‌ಬಿ ಸಾಧನ ಚುಚ್ಚಿ, "ನಾನೇ ಆ ಸೆನ್ಸರ್, ಬೆರಳು ಸರಿ ಇದೆ" ಅಂತ ಅದರಿಂದ ಹೇಳಿಸಿದರು. ವಿಂಡೋಸ್ ನಂಬಿತು.

ಓದಿ ಮುಗಿಸಿ ನನ್ನ ಯುಎಸ್‌ಬಿ ರೀಡರ್ ಕಡೆ ನೋಡಿದೆ. ಕಂಪನಿ ಬೇರೆ, ಮಾದರಿ ಬೇರೆ, ಅದರಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗಿನಿಂದ ಚುಚ್ಚುವ ವಸ್ತು ಹೇಳಿದ್ದನ್ನು ನಂಬುವುದು ಅನ್ನುವ ವಿಚಾರವೇ ನನಗೆ ಸರಿ ಬರಲಿಲ್ಲ.

ಮುಖದ ಕಥೆಯೂ ಇಂಥದ್ದೇ ಇದೆ. 2021ರಲ್ಲಿ ಸೈಬರ್‌ಆರ್ಕ್‌ನ ಸಂಶೋಧಕರು ಕ್ಯಾಮೆರಾ ಅಂತ ಸುಳ್ಳು ಹೇಳುವ ಯುಎಸ್‌ಬಿ ಸಾಧನದಿಂದ ಇನ್‌ಫ್ರಾರೆಡ್ ಚಿತ್ರ ಕಳಿಸಿ ವಿಂಡೋಸ್ ಹಲೋ ತೆರೆದು ತೋರಿಸಿದ್ದರು. ಅದಕ್ಕೆ ಅದೇ ವರ್ಷ ಜುಲೈನಲ್ಲಿ ಪ್ಯಾಚ್ ಬಂತು. ಆಮೇಲೆ 2025ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಜರ್ಮನಿಯ ಇಆರ್‌ಎನ್‌ಡಬ್ಲ್ಯು ಸಂಸ್ಥೆಯವರು ಇನ್ನೊಂದು ತೋರಿಸಿದರು: ಮೆಷಿನ್ ಮೇಲೆ ಅಡ್ಮಿನ್ ಹಕ್ಕು ಸಿಕ್ಕವನು ಮುಖದ ನಮೂನೆಗಳನ್ನು ಅದಲು ಬದಲು ಮಾಡಿ, ತನ್ನ ಮುಖ ತೋರಿಸಿ ಇನ್ನೊಬ್ಬರ ಖಾತೆಗೆ ಹೋಗಬಹುದು. ರಿಪೇರಿಗೆ ಕೊಡುವಾಗ ಪಿನ್ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಲೆ ಅಂಟಿಸಿ ಕೊಡುತ್ತೇವಲ್ಲ ನಾವು, ಸುಮ್ನೆ ಯೋಚಿಸಿ.

ಮುಖದ ಈ ಎರಡೂ ದಾಳಿಗೆ ತಡೆ ಅಂತ ಹೇಳಿದ್ದು ಒಂದೇ ಹೆಸರು. ಎನ್‌ಹ್ಯಾನ್ಸ್‌ಡ್ ಸೈನ್-ಇನ್ ಸೆಕ್ಯೂರಿಟಿ. ಚಿಕ್ಕದಾಗಿ ಇಎಸ್‌ಎಸ್. ಮುಖ ಹೋಲಿಸುವ ಕೆಲಸವನ್ನು ಮಾಮೂಲಿ ವಿಂಡೋಸ್‌ನೊಳಗೆ ಮಾಡದೆ, ಪ್ರೊಸೆಸರ್‌ನ ವರ್ಚುವಲೈಸೇಶನ್ ಬಳಸಿ ಬೇರೆಯಾಗಿ ಕತ್ತರಿಸಿಟ್ಟ ಮೆಮೊರಿಯಲ್ಲಿ ಮಾಡುತ್ತದೆ. ಮನೆ ಯಜಮಾನನಿಗೂ ಕೀಲಿ ಕೊಡದ ಕೋಣೆ ಇದ್ದಂಗೆ, ಅಡ್ಮಿನ್ ಆದವನೂ ಅಲ್ಲಿ ಇಣುಕುವಂತಿಲ್ಲ. ಕ್ಯಾಮೆರಾದಿಂದ ಆ ಜಾಗಕ್ಕೆ ಬರುವ ದಾರಿಗೂ ಕಾವಲು. ಬೆರಳಿನ ವಿಷಯಕ್ಕೆ ಬಂದರೆ, ಹೋಲಿಕೆ ಸೆನ್ಸರ್‌ನ ಚಿಪ್ ಒಳಗೇ ಆಗಬೇಕು, ಆ ಸೆನ್ಸರ್‌ಗೆ ಫ್ಯಾಕ್ಟರಿಯಲ್ಲೇ ಪ್ರಮಾಣಪತ್ರ ಹಾಕಿರಬೇಕು. ಗ್ರಾಮ ಒನ್ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ, ಆಧಾರ್ ಬೆರಳಚ್ಚು ಯಂತ್ರಗಳಲ್ಲೂ ಹಳೆಯ ಎಲ್0 ಬಿಟ್ಟು, ಸಾಧನದೊಳಗೇ ಎನ್‌ಕ್ರಿಪ್ಟ್ ಮಾಡುವ ಎಲ್1ಕ್ಕೆ ಬದಲಾಯಿಸಿದ್ದು ಇಂಥದ್ದೇ ಕಾರಣಕ್ಕೆ.

ಸರಿ, ಕೆಲಸಕ್ಕೆ ಇಳಿದೆ. ರಿಟರ್ನ್ ಗಡುವು ಹತ್ತಿರ ಇಲ್ಲದ ವಾರ ನೋಡಿಕೊಂಡು.

ಮೊದಲು ಮೆಷಿನ್‌ನಲ್ಲಿ ಏನಿದೆ ನೋಡಬೇಕು. ಸ್ಟಾರ್ಟ್‌ನಲ್ಲಿ ಟಿಪಿಎಂ.ಎಂಎಸ್‌ಸಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಟಿಪಿಎಂ, ಅಂದರೆ ಕೀಲಿಗಳನ್ನು ಜೋಪಾನವಾಗಿಡುವ ಭದ್ರತಾ ಚಿಪ್‌ನ ವಿವರ ಬರುತ್ತದೆ. ನನ್ನದು ವಿಂಡೋಸ್ 11, ಅದಕ್ಕೆ ಟಿಪಿಎಂ 2.0 ಬೇಕೇ ಬೇಕು, ಹಾಗಾಗಿ ಇತ್ತು. ಆಮೇಲೆ ಅಲ್ಲೇ ಎಂಎಸ್‌ಇನ್ಫೋ32, ಮೆಷಿನ್‌ನ ವಿವರಗಳ ಪಟ್ಟಿ. ಅದರಲ್ಲಿ ಕೆಳಗೆ ವರ್ಚುವಲೈಸೇಶನ್-ಬೇಸ್ಡ್ ಸೆಕ್ಯೂರಿಟಿ ಅನ್ನುವ ಸಾಲು ಇರುತ್ತದೆ. ಅಲ್ಲಿ ರನ್ನಿಂಗ್ ಅಂತ ಇರಬೇಕು. ನನ್ನದರಲ್ಲಿ ಇರಲಿಲ್ಲ. ಯಾಕಂದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ ಮೆಷಿನ್‌ನ ಮೂಲ ಸೆಟ್ಟಿಂಗ್) ವರ್ಚುವಲೈಸೇಶನ್ ಆಫ್ ಆಗಿತ್ತು.

ಬಯೋಸ್‌ಗೆ ಕೈ ಹಾಕುವ ಮುಂಚೆ ಒಂದು ಕೆಲಸ ಇದೆ, ಇದನ್ನು ಮಾತ್ರ ಯಾರೂ ಬಿಡಬೇಡಿ. ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಎನ್‌ಕ್ರಿಪ್ಟ್ ಆದ ಡ್ರೈವ್ ತೆರೆಯುವ ತುರ್ತು ಕೀಲಿ, ಬರೆದಿಟ್ಟುಕೊಳ್ಳುವುದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿದ್ದರಂತೂ ಬಹುಪಾಲು ಆಗೇ ಇರುತ್ತದೆ. ಬಯೋಸ್ ಸೆಟ್ಟಿಂಗ್ ಬದಲಾದರೆ ಟಿಪಿಎಂಗೆ ಅನುಮಾನ ಬರಬಹುದು, ಬಂದರೆ ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತದೆ. ಇಲ್ಲದಿದ್ದರೆ ಡ್ರೈವ್‌ನಲ್ಲಿರುವುದೆಲ್ಲಾ ಹೋಯಿತು. ಯಾವ ಅಂಗಡಿಯವನೂ ತೆಗೆದುಕೊಡಲಾರ. ನಾನು ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಕೀ ತೆಗೆದು, ಕಾಗದದ ಮೇಲೆ ಬರೆದು, ಒಂದೊಂದು ಆರರ ಗುಂಪನ್ನೂ ಮಗಳ ಕೈಲಿ ಓದಿಸಿ ತಾಳೆ ನೋಡಿದೆ. ಆ ಕಾಗದ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಇಟ್ಟರೆ ಬರೆದು ಏನು ಪ್ರಯೋಜನ, ಅದು ಆಸ್ತಿ ಪತ್ರಗಳ ಜೊತೆ ಬೀರುವಿಗೆ ಹೋಯಿತು.

ಬಯೋಸ್ ಒಳಗೆ ಇಂಟೆಲ್ ಮೆಷಿನ್ ಆದರೆ ವಿಟಿ-ಎಕ್ಸ್ ಅಥವಾ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ ಅಂತ ಇರುತ್ತದೆ, ಎಎಂಡಿ ಆದರೆ ಎಸ್‌ವಿಎಂ. ಅದನ್ನು ಎನೇಬಲ್ ಮಾಡಿ, ಸೇವ್ ಮಾಡಿ ಹೊರಬಂದೆ. ಪಕ್ಕದಲ್ಲೇ ಕ್ಲಿಯರ್ ಟಿಪಿಎಂ ಅಂತ ಇನ್ನೊಂದು ಇರಬಹುದು, ಕುತೂಹಲಕ್ಕೂ ಅದನ್ನು ಒತ್ತಬೇಡಿ, ಪಿನ್ನು, ಹಲೋ ಎಲ್ಲಾ ಅಳಿಸಿ ಹೋಗುತ್ತದೆ. ಮೆಷಿನ್ ಆನ್ ಆದಾಗ ಕೀ ಕೇಳಲೇ ಇಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು ವೇಸ್ಟ್ ಆಯಿತಲ್ಲ ಅಂತ ಮಗಳಿಗೆ ಬೇಜಾರು.

ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿವೈಸ್ ಸೆಕ್ಯೂರಿಟಿ, ಅದರೊಳಗೆ ಕೋರ್ ಐಸೊಲೇಶನ್, ಅಲ್ಲಿ ಮೆಮೊರಿ ಇಂಟಿಗ್ರಿಟಿ. ಇದನ್ನೂ ಆನ್ ಮಾಡೋಣ ಅಂತ ಹೋದರೆ ಆಗಲ್ಲ ಅಂತು. ಹೊಂದದ ಡ್ರೈವರ್ ಇದೆ ಅಂತ ಒಂದು ಫೈಲ್ ಹೆಸರು ತೋರಿಸಿತು. ಯಾವ ಕಾಲದ್ದೋ ಹಳೆಯ ಪ್ರಿಂಟರ್‌ನದ್ದು, ಆ ಪ್ರಿಂಟರ್ ಗುಜರಿಗೆ ಹೋಗಿ ಎಷ್ಟೋ ದಿನ ಆಗಿತ್ತು. ಡ್ರೈವರ್ ತೆಗೆದು, ರೀಸ್ಟಾರ್ಟ್ ಮಾಡಿದ ಮೇಲೆ ಆನ್ ಆಯಿತು. ಮತ್ತೆ ಎಂಎಸ್‌ಇನ್ಫೋ32 ತೆರೆದರೆ ರನ್ನಿಂಗ್. ಇಲ್ಲಿಯವರೆಗಿನದು ನೆಲ ಹದ ಮಾಡಿದ್ದಷ್ಟೇ.

ನಿಜವಾದ ಸ್ವಿಚ್ ಇರುವುದು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ, ಸೈನ್-ಇನ್ ಆಪ್ಷನ್ಸ್‌ನ ಕೆಳಭಾಗದಲ್ಲಿ. ಅದಕ್ಕೆ ಇಎಸ್‌ಎಸ್ ಅಂತ ಹೆಸರಿಟ್ಟಿಲ್ಲ, ಅಲ್ಲೇ ಜನ ತಪ್ಪಿಹೋಗುವುದು. ಹೊರಗಿನ ಕ್ಯಾಮೆರಾ ಅಥವಾ ಬೆರಳಚ್ಚು ರೀಡರ್‌ನಿಂದ ಸೈನ್ ಇನ್ ಮಾಡಿ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಆ ಸ್ವಿಚ್ ಆನ್ ಇದ್ದರೆ ಬಿಗಿ ವ್ಯವಸ್ಥೆ ಆಫ್. ಸ್ವಿಚ್ ಆಫ್ ಇದ್ದರೆ ಬಿಗಿ ವ್ಯವಸ್ಥೆ ಆನ್. ಯಾರು ಯೋಚನೆ ಮಾಡಿದರೋ ಗೊತ್ತಿಲ್ಲ, ಉಲ್ಟಾ. ಒಳಗಿನ ಕ್ಯಾಮೆರಾ ಅಥವಾ ಸೆನ್ಸರ್ ಇಎಸ್‌ಎಸ್‌ಗೆ ತಯಾರಾದದ್ದು ಆಗಿದ್ದರಷ್ಟೇ ಇದಕ್ಕೆಲ್ಲಾ ಅರ್ಥ. ನನ್ನ ಕ್ಯಾಮೆರಾ ಅಂಥದ್ದೇ ಆಗಿತ್ತು, ಪುಣ್ಯಕ್ಕೆ. ಯುಎಸ್‌ಬಿ ರೀಡರ್ ಬಳಸಲೆಂದು ಸ್ವಿಚ್ ಆನ್ ಇತ್ತು ಅಷ್ಟೇ.

ಇಲ್ಲಿ ಸ್ವಲ್ಪ ಹೊತ್ತು ಕೈ ತಡೆಯಿತು. ಸ್ವಿಚ್ ಆಫ್ ಮಾಡಿದರೆ ರೀಡರ್ ಲಾಗಿನ್‌ಗೆ ಕೆಲಸಕ್ಕೆ ಬರುವುದಿಲ್ಲ, ದುಡ್ಡು ಕೊಟ್ಟು ತಂದದ್ದು. ಇಎಸ್‌ಎಸ್‌ಗೆ ಒಗ್ಗುವ ಹೊರಗಿನ ರೀಡರ್‌ಗಳಿಗೂ ಜಾಗ ಮಾಡಿಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿಕೊಂಡಿದೆ, ಆದರೆ ನನ್ನ ಹಳೇ ರೀಡರ್ ಆ ಜಾತಿಯದ್ದಲ್ಲ. ಇನ್ನೊಂದು ಭಯ ಡಿಎಸ್‌ಸಿ ಟೋಕನ್‌ದು. ಪೆನ್ ಡ್ರೈವ್ ಥರ ಇರುವ ಆ ಡಿಜಿಟಲ್ ಸಹಿ ಟೋಕನ್ ನಿಂತುಹೋದರೆ ನನ್ನ ಹೊಟ್ಟೆಪಾಡೇ ನಿಂತಂತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟೋಕನ್ ತನ್ನದೇ ಪಿನ್ ಕೇಳುವ ಸ್ಮಾರ್ಟ್ ಕಾರ್ಡ್, ಬಯೋಮೆಟ್ರಿಕ್ ಅಲ್ಲ. ಹೊರಗಿನ ವೆಬ್‌ಕ್ಯಾಮ್ ಇದ್ದವರಿಗೂ ಅಷ್ಟೇ, ಮೀಟಿಂಗ್‌ಗೆ ಎಂದಿನಂತೆ ನಡೆಯುತ್ತದೆ, ಲಾಗಿನ್‌ಗೆ ಮಾತ್ರ ಇಲ್ಲ.

ಹಳೆಯ ಬೆರಳಿನ ದಾಖಲೆ ಪೂರ್ತಿ ತೆಗೆದೆ, ಸ್ವಿಚ್ ಆಫ್ ಮಾಡಿದೆ, ರೀಸ್ಟಾರ್ಟ್ ಮಾಡಿ ಮುಖ ಸೇರಿಸಿದೆ. ನಿಜಕ್ಕೂ ಆಗಿದೆಯೇ ಅಂತ ನೋಡಲು ಈವೆಂಟ್ ವ್ಯೂವರ್‌ನಲ್ಲಿ ಬಯೋಮೆಟ್ರಿಕ್ಸ್‌ನ ದಾಖಲೆ ತೆರೆದು, ಮುಖದ ಸೆನ್ಸರ್‌ನ ಸಾಲಿನಲ್ಲಿ ವರ್ಚುವಲ್ ಸೆಕ್ಯೂರ್ ಮೋಡ್ (ಮೊದಲು ಹೇಳಿದ ಆ ಕತ್ತರಿಸಿಟ್ಟ ಜಾಗದ ಹೆಸರು) ಅನ್ನುವ ಮಾತು ಕಂಡ ಮೇಲೇ ಎದ್ದು ಚಹಾ ಕುಡಿದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ಅದು ತಿದ್ದಿ ಇದು ತಿದ್ದಿ ಒತ್ತಾಯದಿಂದ ಆನ್ ಮಾಡುವ ದಾರಿಗಳನ್ನೂ ಕೆಲವರು ಹೇಳಿಕೊಡುತ್ತಾರೆ. ಕ್ಯಾಮೆರಾಕ್ಕೇ ಆ ಯೋಗ್ಯತೆ ಇಲ್ಲದಿದ್ದರೆ ರಿಜಿಸ್ಟ್ರಿ ಏನು ಮಾಡೀತು?

ಇನ್ನು ಮುಖದ ಜೊತೆ ಬಾಳ್ವೆ. ಬೆರಳಿಗಿಂತ ಸುಖ ಅಂತ ಈಗ ಒಪ್ಪುತ್ತೇನೆ. ನೀಲಿ ಕೈ, ಒಣಗಿದ ಕೈ ಯಾವುದೂ ಅಡ್ಡ ಬರುವುದಿಲ್ಲ. ಅಪರಿಚಿತರನ್ನು ತಪ್ಪಾಗಿ ಒಳಗೆ ಬಿಡುವ ಸಂಭವ 1 ಲಕ್ಷಕ್ಕೆ 1ಕ್ಕಿಂತ ಕಡಿಮೆ ಅನ್ನುತ್ತದೆ ಮೈಕ್ರೋಸಾಫ್ಟ್. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಇಂಪ್ರೂವ್ ರೆಕಗ್ನಿಶನ್ ಒತ್ತಿ ಮುಖ ತೋರಿಸಿದೆ, ಆಮೇಲೆ ತಡವರಿಸಿಲ್ಲ. ಸ್ಕೂಟರ್‌ನಲ್ಲಿ ಬಂದು ಮುಖಕ್ಕೆ ಸುತ್ತಿದ ವೇಲ್ ಬಿಚ್ಚದೆ ಕೂತರೆ ಮಾತ್ರ ಒಳಗೆ ಬಿಡಲ್ಲ, ಅದು ನ್ಯಾಯವೇ.

ತೊಂದರೆ ಎರಡು. ಒಂದು, ನನ್ನ ಮೇಜು ಕಿಟಕಿ ಪಕ್ಕ. ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುವಾಗ ಕ್ಯಾಮೆರಾ ಕಣ್ಣು ಕಟ್ಟುತ್ತದೆ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ತುಂಬಾ ಇರುತ್ತದಲ್ಲ. ಪರದೆ ಎಳೆದರೆ ಸರಿ. ಎರಡನೆಯದು ಕರೆಂಟು. ಇನ್‌ಫ್ರಾರೆಡ್ ಕ್ಯಾಮೆರಾಗೆ ಕತ್ತಲಾದರೂ ಸರಿ ಅಂತ ಎಲ್ಲಾ ಕಡೆ ಬರೆದಿರುತ್ತಾರೆ, ಮುಂಚೆ ಅದು ನಿಜವೂ ಆಗಿತ್ತು. 2025ರ ಏಪ್ರಿಲ್ ಅಪ್‌ಡೇಟ್ ನಂತರ ಹಾಗಿಲ್ಲ. ಮೋಸ ತಡೆಯಲು ಬಣ್ಣದ ಕ್ಯಾಮೆರಾಗೂ ಮುಖ ಕಾಣಬೇಕು ಅಂತ ಮಾಡಿದ್ದಾರೆ. ರಾತ್ರಿ ಕರೆಂಟು ಹೋಗಿ ಕೋಣೆ ಕತ್ತಲಾದರೆ ಮುಖ ಹಿಡಿಯುವುದಿಲ್ಲ, ಫೋನ್ ಟಾರ್ಚ್ ಹಚ್ಚಬೇಕು, ಇಲ್ಲಾ ಪಿನ್ ಒತ್ತಬೇಕು.

ಪಿನ್ ಒತ್ತಬೇಕು ಅಂದೆನಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೂತು ಅದೇ. ಮುಖಕ್ಕೆ ಎಷ್ಟೇ ಕಾವಲು ಹಾಕಿ, ಲಾಗಿನ್ ಪರದೆಯಲ್ಲಿ ಪಿನ್ ಅನ್ನುವ ಇನ್ನೊಂದು ಬಾಗಿಲು ಯಾವಾಗಲೂ ಇರುತ್ತದೆ, ತೆಗೆಯಲು ಬರುವುದಿಲ್ಲ. ನನ್ನ ಪಿನ್ ನಾಲ್ಕು ಅಂಕಿ, ಸಂಜೆ ಟ್ಯಾಲಿ ಎಂಟ್ರಿ ಮಾಡಲು ಬರುವ ಬಿಕಾಂ ಹುಡುಗನಿಗೆ ಗೊತ್ತು, ಮಗಳಿಗೆ ಗೊತ್ತು, ಊರಿಂದ ಬಂದ ಅತ್ತಿಗೆಗೂ ಗೊತ್ತು. ಟಿಪಿಎಂ ಇರುವುದರಿಂದ ಹೊರಗಿನವನು ಕುರುಡಾಗಿ ಒತ್ತುತ್ತಾ ಹೋದರೆ ನಡೆಯಲ್ಲ. ಕೆಲವು ಸಲ ತಪ್ಪಾದ ಮೇಲೆ ಎ1ಬಿ2ಸಿ3 ಅಂತ ಟೈಪ್ ಮಾಡಲು ಹೇಳುತ್ತದೆ, ಮತ್ತೂ ತಪ್ಪಿದರೆ ರೀಸ್ಟಾರ್ಟ್ ಮಾಡು ಅನ್ನುತ್ತದೆ. ಗೊತ್ತಿದ್ದವನಿಗೆ ಇದ್ಯಾವ ಅಡ್ಡಿಯೂ ಇಲ್ಲವಲ್ಲ.

ಚೇಂಜ್ ಪಿನ್‌ನಲ್ಲಿ ಅಕ್ಷರ ಮತ್ತು ಚಿಹ್ನೆ ಸೇರಿಸುವ ಒಂದು ಟಿಕ್ ಇದೆ. ಹಾಕಿ, ಉದ್ದದ್ದು ಇಟ್ಟೆ. ದಿನಾ ಮುಖದಿಂದ ಹೋಗುವುದರಿಂದ ಉದ್ದ ಪಿನ್ ಒತ್ತುವ ಕಷ್ಟ ಅಪರೂಪ, ಮುಖದ ಲಾಗಿನ್‌ನ ನಿಜವಾದ ಲಾಭ ನನಗೆ ಕಂಡದ್ದು ಇದೇ. ಇದರ ಜೊತೆ ಫೋನ್‌ಗೆ ಬ್ಲೂಟೂತ್ ಜೋಡಿಸಿ ಡೈನಾಮಿಕ್ ಲಾಕ್ ಹಾಕಿದೆ, ಫೋನ್ ಹಿಡಿದು ದೂರ ಹೋದರೆ ಸ್ವಲ್ಪ ಹೊತ್ತಿಗೆ ತಾನೇ ಲಾಕ್ ಆಗುತ್ತದೆ. ಅದನ್ನೇ ನಂಬಿಕೊಂಡು ಕೂರಬೇಡಿ, ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತುವುದು ಉತ್ತಮ.

ಹುಡುಗನಿಗೆ ಹೇಳುವುದೇ ಮುಜುಗರದ ಕೆಲಸ. ನಂಬಿಕೆ ಇಲ್ಲ ಅಂದುಕೊಂಡಾನು ಅಂತ. ಅವನಿಗೊಂದು, ಮಗಳಿಗೊಂದು ಬೇರೆ ಖಾತೆ ಮಾಡಿದೆ, ಎರಡೂ ಸ್ಟ್ಯಾಂಡರ್ಡ್, ಅಡ್ಮಿನ್ ಅಲ್ಲ. ಟ್ಯಾಲಿ ಡೇಟಾ ಇರುವ ಫೋಲ್ಡರ್‌ಗೆ ಮಾತ್ರ ಅವನ ಖಾತೆಗೆ ಅನುಮತಿ. ಅವನು ಬಂದು ಹಳೇ ಪಿನ್ ಒತ್ತಿ, "ಅಕ್ಕಾ, ಪಿನ್ ತಗೋವಲ್ದು ನೋಡ್ರಿ" ಅಂದ.

"ನಿನ್ನ ಹೆಸರಲ್ಲೇ ಒಂದು ಖಾತೆ ಮಾಡಿದೀನಪ್ಪ. ನಾಳೆ ಏನಾದರೂ ಹೆಚ್ಚು ಕಡಿಮೆ ಆದರೆ ನಿನ್ನ ಮೇಲೆ ಬರಬಾರದಲ್ಲ."

ಅವನಿಗೆ ಖುಷಿಯೇ ಆಯಿತು. ತನ್ನ ಮುಖವನ್ನೂ ಸೇರಿಸಿಕೊಂಡು, ವಾಲ್‌ಪೇಪರ್ ಬದಲಾಯಿಸಿಕೊಂಡು ಕೂತ.

ಮುಂದಿನ ಭಾನುವಾರ ಅಣ್ಣನ ಮಿಲ್‌ಗೆ ಹೋದಾಗ ಅವನ ಡೆಸ್ಕ್‌ಟಾಪ್‌ಗೂ ಹೀಗೇ ಮಾಡಿಕೊಡು ಅಂದ. ಅಸೆಂಬಲ್ ಮಾಡಿಸಿದ್ದು, ಕ್ಯಾಮೆರಾ ಇಲ್ಲ, ಬೆರಳಿಗೆ ಹೊರಗಿನ ರೀಡರ್. ಟಿಪಿಎಂ ಇದೆ, ವರ್ಚುವಲೈಸೇಶನ್ ಆನ್ ಆಯಿತು, ಆದರೆ ಇಎಸ್‌ಎಸ್‌ಗೆ ತಕ್ಕ ಸೆನ್ಸರ್ರೇ ಇಲ್ಲದ ಕಡೆ ಬಿಗಿ ಮಾಡುವುದೇನನ್ನು? ಹೊಸ ಲ್ಯಾಪ್‌ಟಾಪ್ ತಗೋ ಅಂತ ನಾನು ಹೇಳಲಿಲ್ಲ. ಗುಮಾಸ್ತರಿಗೆ ಬೇರೆ ಖಾತೆ ಮಾಡಿಕೊಟ್ಟೆ, ಬಿಟ್‌ಲಾಕರ್ ಕೀ ಬರೆಸಿ ಮನೆಯ ತಿಜೋರಿಗೆ ಕಳಿಸಿದೆ, ಬೆರಳಿನ ರೀಡರ್ ಹಾಗೇ ಬಿಟ್ಟೆ. ಮಾನಿಟರ್ ಕೆಳಗೆ ಅಂಟಿಸಿದ್ದ ಪಿನ್ ಚೀಟಿ ಕಿತ್ತು ಹಾಕಿ ಉದ್ದ ಪಿನ್ ಇಡಿಸಿದೆ. "ಇಷ್ಟುದ್ದ ಯಾರಿಗೆ ನೆನಪಿರತೈತೆ" ಅಂತ ಗೊಣಗುತ್ತಲೇ, ಭತ್ತದ ತಳಿಯ ಹೆಸರೂ ಮಿಲ್ ಶುರುವಾದ ವರ್ಷವೂ ಸೇರಿಸಿ ಏನೋ ಒಂದು ಮಾಡಲು ಹೋದ. ವರ್ಷ ಬೋರ್ಡ್ ಮೇಲೇ ಇದೆ, ಅದು ಬೇಡ ಅಂದೆ. ಬೇರೆ ಇಟ್ಟಿದ್ದಾನೆ, ನನಗೂ ಹೇಳಿಲ್ಲ.